ನಮ್ಮ ಪೂಲಿನ ಗೋಡೆ ಮತ್ತು ನನ್ನ ಮೈಕು

ಅಹವಾಲು ಸಭೆಗೆ ಮೈಕು ಹಚ್ಚುವವನಿಗೆ ನಗಲು ನಾಟಕ ನೋಡಬೇಕಾಗಿಲ್ಲ. ಪ್ರತಿ ಸಭೆಯಲ್ಲೂ ಏನಾದರೊಂದು ಆಗಿಯೇ ಆಗುತ್ತದೆ. ನಕ್ಕು ಮನೆಗೆ ಬಂದ ಮೇಲೆ ಊಟ ಸೇರುವುದಿಲ್ಲ, ಅದು ಬೇರೆ ಮಾತು.

ಮದುವೆ, ಸಾವು, ಚುನಾವಣೆ ಮೂರಕ್ಕೂ ಮೈಕ್ ಸೆಟ್ ಬಾಡಿಗೆ ಕೊಡುವುದು ನನ್ನ ಧಂದೆ. ನಮ್ಮ ಊರು ಶಹಾಪುರದಿಂದ ಸುರಪುರದ ಕಡೆ ಹೋಗುವಾಗ ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನನ್ನನ್ನು ಯಾರು ಕರೆಯುತ್ತಾರೆ? ನಾರಾಯಣಪುರದಿಂದ ಬರುವ ಕಾಲುವೆ ಊರನ್ನು ಎರಡು ಪಾಲು ಮಾಡಿದೆ. ಆಚೆ ದಂಡೆಗೆ ನಮ್ಮ ಓಣಿ. ಈಚೆ ದಂಡೆಗೆ ಬಸ್‌ಸ್ಟ್ಯಾಂಡು, ದವಾಖಾನೆ, ಪಟ್ಟಣ ಪಂಚಾಯಿತಿ. ನಡುವೆ ಒಂದು ಸಣ್ಣ ಸೇತುವೆ, ನಮ್ಮ ಮಂದಿಯ ಬಾಯಲ್ಲಿ ಪೂಲು. ಎರಡೂ ಬದಿಗೆ ಗೋಡೆಯಿಲ್ಲ, ಕಂಬಿಯಿಲ್ಲ, ಹಿಡಿಯಲು ಒಂದು ಹಗ್ಗವೂ ಇಲ್ಲ. ಕಾಲುವೆಗೆ ನೀರು ಬಿಟ್ಟಾಗ ಅದನ್ನು ದಾಟುವವರು ದೇವರ ಹೆಸರು ಹೇಳಿಕೊಂಡೇ ದಾಟಬೇಕು.

ಯಾರ ಮಂದಿ?

ಪಂಚಾಯಿತಿಯ ಅಹವಾಲು ಸಭೆಯಲ್ಲಿ ಪೂಲಿನ ಮಾತು ಮೊದಲು ಎತ್ತಿದವನು ನಮ್ಮ ಪಕ್ಕದ ಮನೆಯ ಗೌಂಡಿ ಕಾಕಾ. ಊರಿನ ಅರ್ಧ ಮನೆಗಳ ಗೋಡೆ ಕಟ್ಟಿದವನು. ಕಾಲುವೆಯ ಆಚೆಯವರನ್ನು ಕೂಗಿ ಕೂಗಿ ನಮ್ಮ ಓಣಿಯವರ ಗಂಟಲು ದೊಡ್ಡದಾಗಿದೆ. ಕಾಕಾ ಮೈಕಿಗೆ ಬಾಯಿ ಹಚ್ಚಿ “ಸಾಹೇಬ್ರ!” ಅಂದ ಕೂಡಲೇ ಸ್ಪೀಕರು ಕೀಂಯ್ ಅಂತ ಚೀರಿತು.

“ಕಾಕಾ, ಸ್ವಲ್ಪ ಮೆಲ್ಲಕ ಮಾತಾಡ್ರಿ,” ಅಂದೆ.

“ಮೆಲ್ಲಕ ಮಾತಾಡಿದ್ರ ಇವ್ರಿಗೆ ಕೇಳ್ತದೇನು, ತಮ್ಮಾ?” ಅಂದ. ಅದೂ ಮೈಕಿನಲ್ಲೇ.

ಆಮೇಲೆ ಅಹವಾಲು ಹೇಳಿದ. “ಪೂಲಿಗೆ ಗ್ವಾಡಿ ಕಟ್ಟಿಸ್ರಿ. ನನ್ನ ಹೆಂಡ್ತಿ ದಿನಾ ನಸುಕಿನಾಗ ತಲಿ ಮ್ಯಾಲ ರೊಟ್ಟಿ ಬುಟ್ಟಿ ಇಟ್ಕೊಂಡು ಖಾನಾವಳಿಗೆ ಕೊಡಾಕ ಹೋಗ್ತಾಳ. ಆಕಿ ಕಾಲು ಜಾರಿದ್ರ ನಾ ಏನ್ ಮಾಡ್ಲಿ?”

ಪಂಚಾಯಿತಿಯ ಎಂಜಿನಿಯರ್ ಎದ್ದು ನಿಂತು ಸಮಾಧಾನವಾಗಿ ವಿವರಿಸಿದರು. ಪೂಲಿನ ಮೇಲಿನ ರಸ್ತೆ ಪಂಚಾಯಿತಿಯದು, ಕೆಳಗಿನ ನೀರು ನೀರಾವರಿಯವರದು. ಬೀಳುವ ಪ್ರಶ್ನೆ ಎರಡರ ನಡುವೆ ಬರುತ್ತದೆ.

“ಹಂಗಾರ ಪೂಲಿನ ಮ್ಯಾಲ ಇರೋತನ ನಾವು ನಿಮ್ಮ ಮಂದಿ, ನೀರಾಗ ಬಿದ್ದಮ್ಯಾಲ ಅವ್ರ ಮಂದಿ ಏನ್ರಿ?” ಅಂದ ಕಾಕಾ.

ಎಂಜಿನಿಯರ್ ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದರು. “ತಾಂತ್ರಿಕವಾಗಿ ನೋಡಿದ್ರ, ಹೌದು,” ಅಂದರು.

ಬದುಕಿದವನ ತಕರಾರು

ಆ ಮಳೆಗಾಲದಲ್ಲಿ ಸೈಕಲ್ ಮೇಲೆ ಬಾಳೆಹಣ್ಣು ಮಾರುವ ಚಾಚಾ ಪೂಲಿನಿಂದ ಬಿದ್ದರು. ಸೈಕಲ್ಲು ಹೋಯಿತು, ಬಾಳೆಹಣ್ಣು ಹೋಯಿತು, ಚಾಚಾ ಮಾತ್ರ ದಂಡೆಯ ಜಾಲಿಗಿಡ ಹಿಡಿದು ಮೇಲೆ ಬಂದರು. ಅವತ್ತೇ ಅಹವಾಲು ಸಭೆ. ಮನೆಗೆ ಹೋಗದೆ ಹಾಗೇ ಒದ್ದೆ ಪೈಜಾಮದಲ್ಲಿ ಬಂದು ಮೈಕಿನ ಮುಂದೆ ನಿಂತರು. ನಾನು ಓಡಿಹೋಗಿ ವೈರುಗಳನ್ನೆಲ್ಲ ಎತ್ತಿ ಕುರ್ಚಿಯ ಮೇಲಿಟ್ಟೆ. ನೀರಿಗೆ ಬಿದ್ದು ಬದುಕಿದ ಮನುಷ್ಯ ನನ್ನ ಕರೆಂಟಿಗೆ ಸಿಕ್ಕು ಸತ್ತರೆ ಆ ಪಾಪ ನನಗೆ ಬೇಡ.

ಚಾಚಾ ನಡೆದದ್ದನ್ನು ಹೇಳಿದರು. ಸದಸ್ಯರೊಬ್ಬರು ಕಿವಿಗೊಟ್ಟು ಕೇಳಿ, “ಚಾಚಾ, ನೀವು ಬದಕಿ ಬಂದೀರಲ್ಲ? ಮತ್ತ ತಕರಾರು ಏನು?” ಅಂದರು.

ಚಾಚಾಗೆ ರೇಗಿತು. “ಹಂಗಾರ ಮುಂದಿನ ಸಲ ಸತ್ತು ಬರ್ತೀನಿ ಸಾಬ್. ಆಗರ ಅರ್ಜಿ ತಗೋತೀರೇನು?”

ಮುಖ್ಯಾಧಿಕಾರಿ ಅಲ್ಲಿಯವರೆಗೆ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: “ತಗೋತೀವಿ. ಸಹಿ ಮಾತ್ರ ನಿಮ್ಮದೇ ಇರಬೇಕು.”

ಪರಿಶೀಲನೆ

ಕಾಕಾ ಬಿಡಲಿಲ್ಲ. ಸಭೆ ಅಂದರೆ ಕೆಲಸ ಬಿಟ್ಟು ಬರುತ್ತಿದ್ದ. ಅವನ ಕಾಟ ತಡೆಯಲಾರದೆ ಕಡೆಗೆ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬಂದರು. ಬಂದದ್ದು ನಡುಬೇಸಿಗೆಯಲ್ಲಿ. ಕಾಲುವೆಗೆ ನೀರು ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಪೂಲಿನ ಕೆಳಗಿನ ನೆರಳಿನಲ್ಲಿ ಎಮ್ಮೆಗಳು ಮಲಗಿ ಮೆಲುಕು ಹಾಕುತ್ತಿದ್ದವು.

ಎಂಜಿನಿಯರ್ ಬಗ್ಗಿ ನೋಡಿದರು. “ಎಲ್ಲೈತಿ ನೀರು? ಇಲ್ಲಿ ಬಿದ್ರ ಮೈ ಝಾಡಿಸ್ಕೊಂಡು ಎದ್ದು ಹೋಗಬಹುದು.”

“ಗುಡ್ಡದಾಗ ಕಲ್ಲು ಬಿದ್ದಾವ ಸಾಹೇಬ್ರ. ನೀವು ಹೂಂ ಅನ್ರಿ, ನಾನ ಪುಗಸಟ್ಟೆ ಕಟ್ತೀನಿ,” ಅಂದ ಕಾಕಾ.

“ಸರ್ಕಾರಿ ಪೂಲಿನ ಮ್ಯಾಲ ಕಲ್ಲಿಟ್ರ ಅತಿಕ್ರಮಣ ಆಗ್ತದ. ಕೇಸ್ ಹಾಕ್ತೀವಿ.”

ಪಂಚಾಯಿತಿಯ ಕಾಂಪೌಂಡ್ ಗೋಡೆ ಕಟ್ಟಿದವನೂ ಇದೇ ಕಾಕಾ. ಅದು ಆಳೆತ್ತರದ ಗೋಡೆ, ಆ ಕಡೆ ಬಿದ್ದರೂ ಸಿಗುವುದು ಬರೀ ಹೂವಿನ ಕುಂಡ. ನನಗೆ ಸಿಟ್ಟು ನೆತ್ತಿಗೇರಿತು. ಕಾಕಾ ಮಾತ್ರ ಕೈ ಮುಗಿದು, “ಆತ್ರಿ. ನೀರು ಬಿಟ್ಟಾಗ ಒಮ್ಮಿ ಬಂದು ನೋಡ್ರಿ, ನಿಮಗ ತಿಳೀತದ,” ಅಂದ.

“ನೀರಿದ್ದಾಗ ಹೆಂಗ ಬರಾಕ ಆಗ್ತದ?” ಅಂದರು ಎಂಜಿನಿಯರ್. “ಗ್ವಾಡಿ ಇಲ್ಲಲ್ಲ!”

ಮೌನ

ಶ್ರಾವಣದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು. ಒಂದು ಸಂಜೆ ಕಾಕಾ ಕೆಲಸ ಮುಗಿಸಿ, ಗಾರೆ ಬಳಿಯುವ ಕರಣಿಯ ಚೀಲ ಹೆಗಲಿಗೆ ಹಾಕಿಕೊಂಡು ಪೂಲಿನ ಮೇಲೆ ಬರುತ್ತಿದ್ದ. ಎದುರಿಗೆ ಟ್ರ್ಯಾಕ್ಟರ್ ಬಂತು. ಬದಿಗೆ ಸರಿದ. ಸರಿಯಲು ಅಲ್ಲಿ ಬದಿಯೇ ಇರಲಿಲ್ಲ. ಮರುದಿನ ಕಾಲುವೆಯ ಕೆಳಗಿನ ಗೇಟಿನ ಹತ್ತಿರ ಹೆಣವಾಗಿ ಸಿಕ್ಕ. ಓಣಿಯವರೇ ಎತ್ತಿ ತಂದೆವು. ನಾನಂತೂ ಅವತ್ತು ಎಲ್ಲರ ಮುಂದೆ ಅತ್ತುಬಿಟ್ಟೆ.

ಮುಂದಿನ ಸಭೆಗೆ ಇಡೀ ಓಣಿ ಬಂತು. ಮುಂದಿನ ಸಾಲಿನಲ್ಲಿ ಕಾಕು, ಕಾಕಾನ ಹೆಂಡತಿ, ರೊಟ್ಟಿಯ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಮ್ಮ ಪಂಚಾಯಿತಿಯಲ್ಲಿ ಒಂದು ಪದ್ಧತಿಯಿದೆ. ಊರಿನಲ್ಲಿ ಯಾರಾದರೂ ಹೀಗೆ ಸತ್ತರೆ ಎದ್ದು ನಿಂತು ಮೌನ ಆಚರಿಸುತ್ತಾರೆ, ಗೌರವಾರ್ಥ ಸಭೆಯನ್ನು ಮುಂದೂಡಿ ಮನೆಗೆ ಹೋಗುತ್ತಾರೆ. ಅಂದರೆ ಪೂಲಿನಿಂದ ಬಿದ್ದು ಸತ್ತರೆ, ಅವತ್ತು ಪೂಲಿನ ಮಾತು ಎತ್ತುವಂತಿಲ್ಲ.

ಅಧ್ಯಕ್ಷರು ಎದ್ದರು, ಸದಸ್ಯರು ಎದ್ದರು, ರೂಢಿಯ ಪ್ರಕಾರ ನಾವೂ ಎದ್ದೆವು. ಕಾಕು ಏಳಲಿಲ್ಲ.

“ಯವ್ವಾ, ಏಳ್ರಿ,” ಅಂದರು ಅಧ್ಯಕ್ಷರು. “ನಿಮ್ಮ ಯಜಮಾನ್ರ ಸಲುವಾಗೇ ಮೌನ ಮಾಡಾಕತ್ತೀವಿ.”

“ನಾ ಎದ್ರ ನೀವು ಮನಿಗೆ ಹೋಗ್ತೀರಿ. ಮೌನ ನೀವು ಅವ್ರು ಬದಕಿದ್ದಾಗಿಂದ ಮಾಡಾಕತ್ತೀರಿ, ಅದು ಸಾಕು. ಕೂಡ್ರಿ.”

ನಾವೆಲ್ಲ ದಪ್ಪಂತ ಕೂತೆವು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿ ತಾವೂ ಕೂತರು. ಅಧ್ಯಕ್ಷರು ಬೆವರು ಒರೆಸಿಕೊಂಡು, “ಪೂಲಿಗೆ ಅವ್ರ ಹೆಸರು ಇಡೋಣಂತ!” ಅಂದರು. ಜೋರು ಚಪ್ಪಾಳೆ.

“ಎದರ ಮ್ಯಾಲ ಬರೀತೀರಿ?” ಅಂದಳು ಕಾಕು. “ನೀರಿನ ಮ್ಯಾಲೇನು? ಹೆಸರು ಬರಿಯಾಕರ ಒಂದು ಗ್ವಾಡಿ ಬೇಕಲ್ರಿ. ಬರೇ ಅವ್ರದು ಬ್ಯಾಡ. ನಿಮ್ಮೆಲ್ಲರ ಹೆಸರೂ ದೊಡ್ಡ ಅಕ್ಷರದಾಗ ಬರಸ್ರಿ. ಹೋಗೋರು ಬರೋರು ನೋಡ್ಲಿ.”

ಎಷ್ಟೋ ಸಭೆಗಳಲ್ಲಿ ಬಾಯಿ ಬಿಡದ ಸದಸ್ಯರೆಲ್ಲ ಕುರ್ಚಿ ಮುಂದೆ ಎಳೆದುಕೊಂಡರು. ಯಾರ ಹೆಸರು ಮೊದಲು ಅನ್ನುವುದರ ಮೇಲೆ ಜಗಳ ಹತ್ತಿತು. ವಿರೋಧ ಪಕ್ಷದವರು, ಅಧ್ಯಕ್ಷರ ಕಡೆಯವರ ಹೆಸರಿರುವ ಗೋಡೆಯ ಮೇಲೆ ತಮ್ಮ ಹೆಸರು ಬೇಡವೇ ಬೇಡ, ತಮಗೆ ಬೇರೆ ಗೋಡೆ ಬೇಕು ಎಂದು ಹಟ ಹಿಡಿದರು. ಪೂಲಿನ ಎಡಬದಿಗೆ ಒಂದು, ಬಲಬದಿಗೆ ಒಂದು. ಚಹಾ ಬರುವುದರೊಳಗೆ ಎರಡೂ ಗೋಡೆ ಮಂಜೂರಾದವು. ರಸ್ತೆ ಯಾರದು, ನೀರು ಯಾರದು ಎಂದು ಯಾರೂ ಕೇಳಲಿಲ್ಲ.

ಗೋಡೆಗಳು ಎದ್ದವು. ಉದ್ಘಾಟನೆಗೆ ಮೈಕು ನನ್ನದೇ. ಟೇಪು ಕತ್ತರಿಸುವ ಮೊದಲೇ ಕಾಕು ಬುಟ್ಟಿ ಹೊತ್ತು, ಒಂದು ಕೈ ಗೋಡೆಯ ಮೇಲಿಟ್ಟು, ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದಳು. ನಾನು ಎರಡೂ ಗೋಡೆ ಓದಿದೆ. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಎಂಜಿನಿಯರ್, ಗುತ್ತಿಗೆದಾರ, ಗುತ್ತಿಗೆದಾರನ ಅಳಿಯ. ಕಾಕಾನ ಹೆಸರು ಎಲ್ಲೂ ಇಲ್ಲ.

ಹೆಸರು ಬರೆದ ಪೇಂಟರನನ್ನು ಕೇಳಿದೆ. “ಜಾಗಾ ಉಳೀಲಿಲ್ಲಣ್ಣಾ,” ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಮರ್ಯಾದೆ ಎಲ್ಲರೆದುರು ಹರಾಜು ಹಾಕುತ್ತೇನೆ ಎಂದು ಮೈಕಿಗೆ ಕೈ ಹಾಕಿದೆ. ಕಾಕು ನನ್ನ ಮುಂಗೈ ಹಿಡಿದಳು.

“ಇರ್ಲಿ ಬಿಡು ತಮ್ಮಾ. ನಿಮ್ಮ ಕಾಕಾಗ ಓದಾಕ ಬರ್ತಿದ್ದಿಲ್ಲ.”