ಪಕ್ಕಾ ಕಣ್ಣಾಡಿ

ತೈಲಚಿತ್ರ ಕಷ್ಟ ಎನ್ನುವವರು ಯೋಜನೆಯಿಲ್ಲದ ಜನ. ನನ್ನ ಡೈರಿಯಲ್ಲಿ ಯೋಜನೆಯಿತ್ತು. ಶನಿವಾರ ಆಕಾಶ, ಭಾನುವಾರ ಕಟ್ಟಡಗಳು, ಮುಂದಿನ ಶನಿವಾರ ಮೆಟ್ರೋ ರೈಲು. ಒಣಗುವ ವಾರಗಳಿಗೂ ಒಂದು ಪುಟ! ವಡಪಳನಿಯ ನಮ್ಮ ಮನೆಯೆದುರಿನ ಕಟ್ಟಡದ ಕಿಟಕಿ ಗಾಜಿನಲ್ಲಿ ಮುಸ್ಸಂಜೆ ಹೊತ್ತು ಇಡೀ ಬೀದಿ ಕಾಣುತ್ತದೆ. ಅದೇ ನನ್ನ ವಸ್ತು.

ತೊಂದರೆ ಒಂದೇ. ಚಿತ್ರಶಾಲೆ ಇದ್ದದ್ದು ಬಾಲ್ಕನಿಯಲ್ಲಿ, ಬಾಲ್ಕನಿ ಇದ್ದದ್ದು ಹೆಂಡತಿ ಸುಮಾಳ ಆಡಳಿತದಲ್ಲಿ.

"ರೀ, ಬಟ್ಟೆ ಒಣಗ್ಸೋಕೆ ಜಾಗ ಇಲ್ಲ. ಶುಕ್ರವಾರ ನವರಾತ್ರಿ ಗೊಂಬೆ ನೋಡೋಕೆ ಬರ್ತಾರಲ್ಲ, ಅವರಲ್ಲಿ ಒಬ್ರಾದ್ರೂ ನಿಮ್ಮ ಚಿತ್ರ ಚೆನ್ನಾಗಿದೆ ಅಂದ್ರೆ ಬಾಲ್ಕನಿ ನಿಮ್ಗೆ. ಇಲ್ಲಾಂದ್ರೆ ನಾನು ಹಗ್ಗ ಕಟ್ತೀನಿ."

ಒಬ್ಬರು ತಾನೆ? ಒಪ್ಪಿದೆ.

ಒಣಗಿದ್ದ ಚಿತ್ರಕ್ಕೆ ಚೌಕಟ್ಟು ಹಾಕಿಸಲು ಅಂಗಡಿಗೆ ಹೋದೆ. ಹೊರಗೆ ಬಸ್ಸುಗಳ ಹಾರನ್. ಅಂಗಡಿಯವರು ಚಿತ್ರದ ಮೂಲೆಯಲ್ಲಿದ್ದ ನನ್ನ ಸಹಿಯ ಮೇಲೆ ಬೆರಳಾಡಿಸಿ ಕೇಳಿದರು: "ಕಣ್ಣಾಡಿಯಾ ಸಾರ್?"

ಕನ್ನಡವಾ ಎಂದು ಕೇಳಿದಂತಿತ್ತು. ಕನ್ನಡದ ಸಹಿಯನ್ನು ಗುರುತಿಸಿದರಲ್ಲ! ಎದೆಯುಬ್ಬಿತು.

"ಆಮಾ, ಆಮಾ! ಪಕ್ಕಾ!" ಎಂದು ತಮಿಳಿನಲ್ಲೇ ಹೌದೆಂದೆ.

ಶುಕ್ರವಾರ ಸಂಜೆ ಚಿತ್ರ ಬಂತು. ಮೇಲೆ ದಪ್ಪನೆಯ, ಫಳಫಳಿಸುವ ಗಾಜು! ತೈಲಚಿತ್ರಕ್ಕೆ ಗಾಜು ಯಾಕಯ್ಯಾ ಎಂದು ಫೋನಿನಲ್ಲಿ ಕೂಗಿದೆ.

"ನೀಂಗದಾನೇ ಸಾರ್ ಸೊನ್ನೀಂಗ! ಪಕ್ಕಾ ಕಣ್ಣಾಡಿನ್ನು!"

ಹೇಳಿದ್ದು ನಾನೇ ಅಂತೆ! ತಮಿಳಿನಲ್ಲಿ ಕಣ್ಣಾಡಿ ಎಂದರೆ ಗಾಜೂ ಹೌದು, ಕನ್ನಡಿಯೂ ಹೌದು. ಬಿಚ್ಚಿಸಲು ಸಮಯವಿರಲಿಲ್ಲ. ಗೊಂಬೆಗಳ ಎದುರು ಗೋಡೆಗೆ ತೂಗುಹಾಕಿದೆ. ಮುಸ್ಸಂಜೆಯ ಕಪ್ಪು ಬಣ್ಣ, ಅದರ ಮೇಲೆ ಗಾಜು, ಎದುರಿಗೆ ದೀಪದ ಸಾಲು. ನನ್ನ ನಗರ ಮಾಯವಾಗಿ ಗೊಂಬೆಗಳು ಕಾಣತೊಡಗಿದವು!

ಮೊದಲು ಬಂದವರು ಕೆಳಮನೆಯ ಮಾಮಿ. ಅವರ ಕನ್ನಡ ಮನೆತನ ಮದ್ರಾಸಿಗೆ ಬಂದು ಎಷ್ಟೋ ತಲೆಮಾರಾಯಿತು. ನೇರ ಚಿತ್ರದ ಮುಂದೆ ನಿಂತರು. ಬಹಳ ಹೊತ್ತು ನೋಡಿದರು.

"ಅಡಡಾ! ರೊಂಬ ಚೆನ್ನಾಗಿದೆ ಪಾ!"

ಗೆದ್ದೆ! ಡೈರಿ ತೆಗೆದು 'ಹೊಗಳಿಕೆ' ಕಾಲಮ್ಮಿನಲ್ಲಿ ಗೆರೆ ಎಳೆದೆ.

ಮಾಮಿ ಹಣೆಯ ಕುಂಕುಮ ಸರಿಮಾಡಿಕೊಂಡರು, ಮುಡಿದ ಮಲ್ಲಿಗೆ ತಿರುಗಿಸಿಕೊಂಡರು. "ಸುಮಾ, ನಮ್ಮನೇಲಿರೋ ಕಣ್ಣಾಡೀಲಿ ಮುಖ ಹಿಂಗೆ ಕ್ಲಿಯರಾ ಕಾಣಲ್ಲಮ್ಮಾ. ಎಲ್ಲಿ ವಾಂಗಿದ್ದು?"

ಅನಂತರ ಬಂದವರೆಲ್ಲ ಅಲ್ಲೇ ನಿಂತು ಸೆರಗು ಸರಿಪಡಿಸಿಕೊಂಡರು. ಪ್ರತಿಬಿಂಬದ ಚಿತ್ರವನ್ನು ಪ್ರತಿಬಿಂಬವೇ ನುಂಗಿತ್ತು!

ಎಲ್ಲರೂ ಹೋದ ಮೇಲೆ ಸುಮಾ ತೀರ್ಪಿತ್ತಳು. "ಹೊಗಳಿದ್ರು, ನಿಜ. ಗಾಜನ್ನ."

ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ಚಿತ್ರವನ್ನು ಇಳಿಸಿ, ಓರೆ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಮೆಟ್ರೋ ಚೆನ್ನಾಗ್ ಬಂದಿದೆ ರೀ... ನಿಜವಾಗ್ಲೂ."

ಬಾಲ್ಕನಿ ಉಳಿಯಿತು ಎಂದುಕೊಂಡೆ.

"ಇಲ್ಲಿ, ಸೀರೆ ಹಿಡ್ಕೊಂಡು ನಿಂತಿರೋದು ಯಾರು?"

"ನೀನೇ! ಎದುರು ಗಾಜಲ್ಲಿ ನಮ್ಮ ಬಾಲ್ಕನೀನೂ ಕಾಣುತ್ತಲ್ಲ" ಎಂದೆ ಹೆಮ್ಮೆಯಿಂದ.

ಸುಮಾ ಇನ್ನೊಮ್ಮೆ ನೋಡಿದಳು.

"ಇಷ್ಟು ದಪ್ಪ ಇದೀನಾ?"

ಹಗ್ಗ ಕಟ್ಟಿದ್ದಾಯಿತು. ಗಾಜು ತೆಗೆಸುವ ಮಾತನ್ನು ಯಾರೂ ಎತ್ತಿಲ್ಲ. ಈಗ ಆಫೀಸಿಗೆ ಹೊರಡುವಾಗ ನಾನೂ ಅದರ ಮುಂದೆಯೇ ನಿಂತು ತಲೆ ಬಾಚಿಕೊಳ್ಳುತ್ತೇನೆ. ಮಾಮಿ ಹೇಳಿದ್ದು ಸುಳ್ಳಲ್ಲ. ರೊಂಬ ಕ್ಲಿಯರಾಗಿ ಕಾಣುತ್ತದೆ!