ಮಾಷ್ಟ್ರು ಅರವತ್ತೆರಡು ಜನ ಆದ ಭಾನುವಾರ

ನಮ್ಮ ಪಕ್ಕದ ಮನೆಯ ಮಾಷ್ಟ್ರು ಕಳೆದ ಮಳೆಗಾಲದ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂಕಾಲರವರೆಗೆ, ಅರವತ್ತೆರಡು ಜನ ಆಗಿದ್ದರು. ನಾನು ಎದುರಿಗೇ ಕುಳಿತಿದ್ದೆ. ಅತ್ತಾವರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವುದು ನನ್ನ ಕೆಲಸ. ಕಣ್ಣಾರೆ ಕಾಣದ್ದನ್ನು ಬರೆದುಕೊಡುವ ಅಭ್ಯಾಸ ನನಗಿಲ್ಲ. ಅರವತ್ತೆರಡು ಎಂದರೆ ಅರವತ್ತೆರಡೇ.

ಮಾಷ್ಟ್ರು ಅರ್ಚಕರ ಮನೆತನದವರು. ಅವರ ಅಣ್ಣ ಈಗಲೂ ದೇವಸ್ಥಾನದಲ್ಲಿ ಪೂಜೆ ಮಾಡುತ್ತಾರೆ. ಇವರು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾಗಿ ದೇರೆಬೈಲಿನಲ್ಲಿ ಮನೆ ಮಾಡಿದವರು. ಹುಟ್ಟಿದ ಮೇಲೆ ಮೀನು ಮುಟ್ಟಿಲ್ಲ, ದೋಣಿ ಹತ್ತಿಲ್ಲ, ನೀರು ಮೊಣಕಾಲು ದಾಟಿದರೆ ವಾಪಸು ಬರುತ್ತಾರೆ. ಇಂಥವರು ಹಲವು ವರ್ಷಗಳಿಂದ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿಗೆಂದೇ ಅಂತರ್ಜಾಲದಲ್ಲಿ ಒಂದು ಫೋರಂ ನಡೆಸುತ್ತಿದ್ದಾರೆ ಎಂದರೆ ಯಾರು ನಂಬುತ್ತಾರೆ? ಒಬ್ಬರು ಅಲ್ಲಿ ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಕೆಳಗೆ ಉತ್ತರ ಬರೆಯುತ್ತಾರೆ. ಅಷ್ಟೇ ವ್ಯವಹಾರ.

ಇದಕ್ಕೆಲ್ಲ ಕಾರಣ ನನ್ನ ಅಣ್ಣ. ಅವನು ದಕ್ಕೆಯಲ್ಲಿ, ಎಂದರೆ ಮೀನುಗಾರಿಕೆಯ ಬಂದರಿನಲ್ಲಿ, ಬೋಟುಗಳ ಇಂಜಿನ್ ಮೆಕ್ಯಾನಿಕ್ ಆಗಿದ್ದ. ಒಮ್ಮೆ ಮಾಷ್ಟ್ರ ಸ್ಕೂಟರು ಅಲ್ಲೇ ಹತ್ತಿರ ನಿಂತುಹೋಯಿತು. ಅಣ್ಣ ದೂರದಿಂದಲೇ ಕಿಕ್ ಹೊಡೆಯುವ ಶಬ್ದ ಕೇಳಿ ರೋಗ ಹೇಳಿದ. ಮಾಷ್ಟ್ರು ಸ್ಕೂಟರನ್ನು ಮರೆತು ಕಿಸೆಯಿಂದ ಪುಸ್ತಕ ತೆಗೆದರು. "ಇದು ನಿಮಗೆ ಹೇಗೆ ಗೊತ್ತಾಯ್ತು? ನಿಧಾನ ಹೇಳಿ, ಬರ್ಕೊಳ್ತೇನೆ." ಆ ಬರೆದುಕೊಳ್ಳುವುದು ಅಣ್ಣ ಇರುವತನಕ ನಿಲ್ಲಲಿಲ್ಲ. ಅಣ್ಣನಿಗೆ ಟೈಪು ಬಾರದು. ಅವನು ಫೋನಿನಲ್ಲಿ ಹೇಳುವುದು, ಇವರು ಅವನ ಹೆಸರಿನಲ್ಲಿ ಟೈಪು ಮಾಡುವುದು. ಹೇಳಿದ್ದನ್ನು ಹೇಳಿದ ಹಾಗೆಯೇ. ಅಣ್ಣನ ಬೈಗುಳಕ್ಕೆ ಮಾತ್ರ ಚುಕ್ಕೆ ಹಾಕುತ್ತಿದ್ದರು. ಎಷ್ಟು ಅಕ್ಷರವೋ ಅಷ್ಟೇ ಚುಕ್ಕೆ.

"ವಾಟ್ಸಾಪ್ ಗ್ರೂಪ್ ಮಾಡಿದ್ರೆ ಸಾಕಿತ್ತಲ್ವಾ ಮಾಷ್ಟ್ರೇ?" ಎಂದು ನಾನೊಮ್ಮೆ ಕೇಳಿದ್ದೆ.

"ಅದರಲ್ಲಿ ಹೇಳಿದ್ದು ನಾಡಿದ್ದು ಹುಡುಕಿದ್ರೆ ಸಿಗ್ತದಾ? ಗುಡ್ ಮಾರ್ನಿಂಗ್ ಹೂವಿನ ಅಡಿಯಲ್ಲಿ ಹೂತುಹೋಗಿರ್ತದೆ."

ಎರಡು ವರ್ಷದ ಹಿಂದೆ ಅಣ್ಣ ಹೃದಯ ನಿಂತು ತೀರಿಕೊಂಡ. ಅವನ ನಾನೂರ ಹನ್ನೆರಡು ಉತ್ತರಗಳು ಫೋರಂನಲ್ಲಿ ಉಳಿದವು. ಅವನ ಮಾತು ಬೇರೆಲ್ಲೂ ಉಳಿದಿಲ್ಲ. ನಾನು ಆಗಾಗ ಹೋಗಿ ಒಂದೆರಡು ಓದಿ ಬರುತ್ತಿದ್ದೆ.

ಹೀಗಿರುವಾಗ ಫೋರಂ ಅನ್ನು ಬಾಡಿಗೆಗೆ ತನ್ನ ಸರ್ವರಿನಲ್ಲಿ ಇರಿಸಿಕೊಂಡಿದ್ದ ಕಂಪನಿಯಿಂದ ಪತ್ರ ಬಂತು. ನಿಮ್ಮ ಸಾಫ್ಟ್‌ವೇರ್ ತೀರ ಹಳತು, ಮಾಡಿದವರೇ ಅದನ್ನು ಕೈಬಿಟ್ಟಿದ್ದಾರೆ, ಇಂಥ ದಿನದ ನಂತರ ಅದು ನಡೆಯುವುದಿಲ್ಲ. ಎಲ್ಲವನ್ನೂ ಎತ್ತಿ ಹೊಸ ಸಾಫ್ಟ್‌ವೇರಿಗೆ ಒಯ್ಯಬೇಕು, ಇಲ್ಲವೇ ಕಳೆದುಕೊಳ್ಳಬೇಕು. ನಾನು ಪತ್ರವನ್ನು ಎರಡೆರಡು ಸಲ ಓದಿದೆ. ಮಾಷ್ಟ್ರು ಮಾತ್ರ ಪಂಚಾಂಗ ತೆಗೆದರು.

"ಮುಹೂರ್ತವಾ?" ಎಂದು ಅವರ ಹೆಂಡತಿ ಕೇಳಿದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ.

"ಅಲ್ಲ ಮಾರಾಯ್ತಿ. ಮಳೆಗಾಲದ ಮೀನುಗಾರಿಕೆ ರಜೆ ಯಾವಾಗ ಸುರು ಅಂತ ಇದರಲ್ಲಿ ಬರೆದಿಟ್ಟಿದ್ದೆ. ಬೋಟು ಎಲ್ಲ ಕಟ್ಟಿ ಹಾಕಿದ ಮೇಲೆಯೇ ಫೋರಂ ಮುಟ್ಟುವುದು. ನಡು ಸಮುದ್ರದಲ್ಲಿ ಒಬ್ಬ ನಿಂತಿರುವಾಗ ಇಲ್ಲಿ ಬಾಗಿಲು ಹಾಕ್ಲಿಕ್ಕುಂಟಾ?"

ದೇವಸ್ಥಾನದ ಗರ್ಭಗುಡಿ ಬಿಚ್ಚಿ ಕಟ್ಟುವ ಮೊದಲು ಪಕ್ಕದಲ್ಲಿ ಸಣ್ಣದೊಂದು ಗುಡಿ ಕಟ್ಟಿ ದೇವರನ್ನು ಅಲ್ಲಿ ಕೂರಿಸುತ್ತಾರೆ. ಅದು ಬಾಲಾಲಯ. ಅದಕ್ಕೂ ಮೊದಲು ದೇವರ ಅನುಮತಿ ಕೇಳುವ ವಿಧಿ ಇದೆ. ಮಾಷ್ಟ್ರು ಇಡೀ ಸ್ಥಳಾಂತರವನ್ನು ಇದೇ ಕ್ರಮದಲ್ಲಿ ಮಾಡುವುದೆಂದು ತೀರ್ಮಾನಿಸಿದರು. ಮೊದಲು ಅನುಮತಿ. ಪ್ರತಿಯೊಬ್ಬ ಸದಸ್ಯರಿಗೂ ಫೋನು.

"ನನ್ನ ಪರ್ಮಿಷನ್ ಎಂತಕ್ಕೆ ಮಾಷ್ಟ್ರೇ? ನಾನೆಂತ ದೇವರಾ?" ಎಂದು ಒಬ್ಬ ಬೋಟಿನ ಮಾಲಕರು ನಕ್ಕರಂತೆ.

"ದೇವರಲ್ಲ. ಆದ್ರೆ ನಿಮ್ಮ ಬರಹ ಹದಿನೇಳು ಉಂಟು."

ಅನುಮತಿಯ ನಂತರ ಪ್ರತಿ. ಮೂರು ಪೆನ್ ಡ್ರೈವ್: ಒಂದು ದೇವರ ಕೋಣೆಯಲ್ಲಿ, ಒಂದು ಅವರ ಅಣ್ಣನಲ್ಲಿ ದೇವಸ್ಥಾನದಲ್ಲಿ, ಒಂದು ನಮ್ಮ ಮನೆಯ ಕಪಾಟಿನಲ್ಲಿ. ಅಲ್ಲಿಗೆ ಮುಗಿಯಿತೇ? ವಾರಕ್ಕೊಮ್ಮೆ ಮೂರನ್ನೂ ತರಿಸಿ, ಕಂಪ್ಯೂಟರಿಗೆ ಹಾಕಿ, ಒಳಗಿನದೆಲ್ಲ ಸರಿಯಾಗಿ ತೆರೆಯುತ್ತದೋ ಎಂದು ನೋಡುವುದು.

"ಉಪ್ಪಿನಕಾಯಿ ಭರಣಿ ಹೀಗೆ ತೆಗೆದು ತೆಗೆದು ನೋಡಿದ್ರೆ ಹಾಳಾಗ್ತದೆ," ಎಂದರು ಅಕ್ಕ.

"ಇದು ನೋಡದಿದ್ರೆ ಹಾಳಾಗ್ತದೆ. ತೆಗೆದು ನೋಡದ ಪ್ರತಿ ಪ್ರತಿಯೇ ಅಲ್ಲ."

ಆಮೇಲೆ ಬಾಲಾಲಯ. ಎಂದರೆ, ಹೊಸ ಸಾಫ್ಟ್‌ವೇರಿನಲ್ಲಿ ಯಾರಿಗೂ ಕಾಣದ ಒಂದು ಪ್ರಯೋಗದ ಫೋರಂ. ಹಳೆಯದು ತನ್ನ ಜಾಗದಲ್ಲೇ ಇರುತ್ತದೆ. ಅದರ ನಕಲು ಇಲ್ಲಿಗೆ ಬರುತ್ತದೆ. "ದೇವರನ್ನಾದ್ರೆ ಎತ್ತಬೇಕಾಗ್ತದೆ. ಇದು ಅಲ್ಲಿಯೂ ಇರ್ತದೆ, ಇಲ್ಲಿಯೂ ಇರ್ತದೆ. ದೇವರಿಗಿಂತ ಸುಲಭ," ಎಂದರು ಮಾಷ್ಟ್ರು. "ದೇವಸ್ಥಾನದ ಭಾವನ ಎದುರು ಹೀಗೆ ಹೇಳ್ಬೇಡಿ," ಎಂದರು ಅಕ್ಕ.

ಆ ಭಾನುವಾರ ಹತ್ತೂವರೆಗೆ ನಕಲು ಪೂರ್ತಿಯಾಯಿತು. ಮಾಷ್ಟ್ರು ಲೆಕ್ಕ ನೋಡಿದರು. ಹಳೆಯದರಲ್ಲಿ ಎಷ್ಟು ಬರಹ ಇತ್ತೋ ಹೊಸದರಲ್ಲೂ ಅಷ್ಟೇ. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಕ್ಕ ಕಾಫಿ ತಂದರು. ನಾನು ಅಣ್ಣನ ಒಂದು ಉತ್ತರ ತೆರೆದೆ. ಮಾತೆಲ್ಲ ಅಣ್ಣನದ್ದೇ, ಚುಕ್ಕೆಗಳೂ ಸರಿಯಾಗಿದ್ದವು. ಮೇಲೆ ಇದ್ದದ್ದು ಮಾತ್ರ ಮಾಷ್ಟ್ರ ಹೆಸರು.

ಇನ್ನೊಂದು ತೆರೆದೆ. ಮಾಷ್ಟ್ರು. ಮತ್ತೊಂದು. ಮಾಷ್ಟ್ರು.

ಆದದ್ದು ಇಷ್ಟು. ಇಮೇಲ್ ಇಲ್ಲದ ದಕ್ಕೆಯವರನ್ನೆಲ್ಲ ಮಾಷ್ಟ್ರು ಉಪಕಾರಕ್ಕೆಂದು ತಮ್ಮದೇ ಇಮೇಲ್ ವಿಳಾಸ ಕೊಟ್ಟು ಸೇರಿಸಿದ್ದರು. ಹಳೆಯ ಸಾಫ್ಟ್‌ವೇರ್ ಸುಮ್ಮನಿತ್ತು. ಹೊಸದಕ್ಕೆ ಒಂದು ವಿಳಾಸವೆಂದರೆ ಒಬ್ಬನೇ ಮನುಷ್ಯ. ಸ್ವಂತ ವಿಳಾಸ ಇದ್ದವರೆಲ್ಲ ಸುರಕ್ಷಿತವಾಗಿ ಬಂದಿದ್ದರು; ಉಳಿದ ಅರವತ್ತೊಂದು ಜನ ಮಾಷ್ಟ್ರ ಹೊಟ್ಟೆಯೊಳಗೆ ಸೇರಿದ್ದರು.

ಅಕ್ಕ ಕನ್ನಡಕ ಹಾಕಿಕೊಂಡು ಓದತೊಡಗಿದರು. ಮಾಷ್ಟ್ರು ಕೇಳುತ್ತಾರೆ: ಇಂಜಿನಿನಲ್ಲಿ ಕಪ್ಪು ಹೊಗೆ ಬರುತ್ತದೆ, ಏನು ಮಾಡಲಿ? ಮಾಷ್ಟ್ರು ಉತ್ತರಿಸುತ್ತಾರೆ: ಫಿಲ್ಟರ್ ತೊಳೆದು ಎಷ್ಟು ಕಾಲವಾಯಿತು? ಮಾಷ್ಟ್ರು ಸಿಟ್ಟಾಗುತ್ತಾರೆ: ನನಗೆ ಕಲಿಸಲು ಬರಬೇಡ. ಮಾಷ್ಟ್ರು ತಿರುಗಿ ಆರು ಚುಕ್ಕೆ ಬೈಯುತ್ತಾರೆ. ಕೊನೆಗೆ ಮಾಷ್ಟ್ರು: ಇಬ್ಬರೂ ದಯವಿಟ್ಟು ಸಂಯಮದಿಂದ ಇರಬೇಕು. ಈ ಕೊನೆಯದೊಂದು ಮಾತ್ರ ನಿಜವಾಗಿ ಅವರು ಬರೆದದ್ದು.

"ಇಷ್ಟು ವರ್ಷ ನಿಮ್ಮೊಳಗೆ ಇಷ್ಟು ಹೊಗೆ ಇದ್ದದ್ದು ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ," ಎಂದು ಅಕ್ಕ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ನಗು ಬರಲಿಲ್ಲ. ಕಾಫಿ ಕಪ್ಪನ್ನು ಕೈಯಲ್ಲೇ ಹಿಡಿದು ಇನ್ನಷ್ಟು ಉತ್ತರ ತೆರೆದೆ. ನಾನೂರ ಹನ್ನೆರಡರಲ್ಲಿ ಒಂದರ ಮೇಲೂ ಅಣ್ಣ ಇರಲಿಲ್ಲ.

ಮಾಷ್ಟ್ರು ನನ್ನ ಕೈಯಿಂದ ಕಪ್ಪನ್ನು ತೆಗೆದು ಕೆಳಗಿಟ್ಟರು. "ಇದು ಬಾಲಾಲಯ. ತಪ್ಪಾಗ್ಲಿಕ್ಕೇ ಕಟ್ಟಿದ್ದು. ಮೂಲಸ್ಥಾನ ತೋರಿಸ್ತೇನೆ, ನೋಡು." ಹಳೆಯ ಫೋರಂ ತೆರೆದರು. ಅಣ್ಣನ ಹೆಸರು ಅಲ್ಲೇ ಇತ್ತು. ಹನ್ನೊಂದೂಕಾಲಕ್ಕೆ ಅವರು ಪ್ರಯೋಗದ ಫೋರಂ ಅಳಿಸಿ, ಮತ್ತೆ ಒಬ್ಬರೇ ಒಬ್ಬರಾದರು.

ಮರುದಿನದಿಂದ ವಿಳಾಸ ಸಂಗ್ರಹ. ಅರವತ್ತೊಂದರಲ್ಲಿ ಐದು ಜನ ತೀರಿಕೊಂಡವರು. ಉಳಿದ ಐವತ್ತಾರು ಜನರನ್ನು ಹುಡುಕಿಕೊಂಡು ಮಾಷ್ಟ್ರು ಮೂಗಿಗೆ ಕರ್ಚೀಫು ಕಟ್ಟಿ ದಕ್ಕೆಗೆ ಹೊರಟರು. ಅಲ್ಲಿ ಬಲೆ ಸರಿಮಾಡುತ್ತ ಕುಳಿತವರೊಬ್ಬರನ್ನು ಕೇಳಿದಾಗ ನಾನೂ ಜೊತೆಗಿದ್ದೆ.

"ಇಮೇಲ್ ಉಂಟಾ?"

"ಉಂಟು. ಮಗನದ್ದು."

"ಮಗನದ್ದು ಬೇಡ. ನಿಮ್ಮದೇ ಒಂದು ಮಾಡುವ."

"ಒಂದೇ ಮನೆ ಅಲ್ವಾ ಮಾಷ್ಟ್ರೇ, ಬೇರೆ ಎಂತಕ್ಕೆ?"

"ಒಂದೇ ಮನೆ ಅಂತ ನಿಮ್ಮ ಬನಿಯನ್ ಮಗ ಹಾಕ್ತಾನಾ?"

"ಹಾಕ್ತಾನೆ. ನಂಗೇ ಸಿಗುದಿಲ್ಲ."

ಮಾಷ್ಟ್ರು ನೆಲಕ್ಕೆ ಕುಳಿತು ಅವರಿಗೊಂದು ಇಮೇಲ್ ಮಾಡಿಕೊಟ್ಟೇ ಎದ್ದರು. ಇಪ್ಪತ್ತಮೂರು ದಿನದಲ್ಲಿ ಐವತ್ತಾರೂ ಆಯಿತು.

"ಸತ್ತವರಿಗೆ ಸುಮ್ಮನೆ ಎಂತಾದ್ರೂ ಹಾಕಿ ಮಾಷ್ಟ್ರೇ," ಎಂದೆ ನಾನು. ನನಗೆ ಅಷ್ಟರಲ್ಲಿ ಅಂಜಿಕೆ ಹೆಚ್ಚಿತ್ತು; ಬೇಗ ಮುಗಿದರೆ ಸಾಕಿತ್ತು.

"ಬದುಕಿದವರದ್ದು ತಪ್ಪಿದ್ರೆ ಅವರೇ ಫೋನ್ ಮಾಡಿ ಬೈತಾರೆ. ಇವರು ಮಾಡ್ತಾರಾ? ಹಾಗಾಗಿ ಇವರದ್ದೇ ಸರಿ ಇರ್ಬೇಕು." ಅಣ್ಣನಿಗೆ ಯಾವ ವಿಳಾಸ ಕೊಟ್ಟರೆಂದು ಕೇಳಿದರೆ ಹೇಳಲಿಲ್ಲ. "ಸರಿಯಾದದ್ದೇ ಕೊಟ್ಟಿದ್ದೇನೆ," ಎಂದರು.

ಇನ್ನೆರಡು ಸಲ ಬಾಲಾಲಯ ಕಟ್ಟಿ, ನೋಡಿ, ಕೆಡವಿದರು. ಕೊನೆಗೊಂದು ಬೆಳಿಗ್ಗೆ ಹಳೆಯ ಫೋರಂನಲ್ಲಿ ಬರೆಯುವುದನ್ನು ನಿಲ್ಲಿಸಿ, ಓದುವುದಕ್ಕೆ ಮಾತ್ರ ಬಿಟ್ಟು, ಒಂದು ಪ್ರಕಟಣೆ ಹಾಕಿದರು: "ಸ್ಥಳಾಂತರ ನಡೆಯುತ್ತಿದೆ. ಸಂಜೆ ನಾಲ್ಕರವರೆಗೆ ಯಾರೂ ದಯವಿಟ್ಟು ಇಂಜಿನ್ ಕೆಡಿಸಿಕೊಳ್ಳಬಾರದು." ನಂತರ ನನ್ನನ್ನು ಕೂರಿಸಿ, ಹಳೆಯದು ಒಂದು ಕಂಪ್ಯೂಟರಿನಲ್ಲಿ, ಹೊಸದು ಇನ್ನೊಂದರಲ್ಲಿ, ಅಣ್ಣನ ನಾನೂರ ಹನ್ನೆರಡನ್ನೂ ಗಟ್ಟಿಯಾಗಿ ಓದಿಸಿದರು. ಲ್ಯಾಬಿನಲ್ಲೂ ನಾನು ಇಷ್ಟು ಕಟ್ಟುನಿಟ್ಟಿನ ಮೇಲ್ವಿಚಾರಕರನ್ನು ಕಂಡವಳಲ್ಲ. ನಾನು ಚುಕ್ಕೆ ಬಿಟ್ಟು ಓದಿದರೆ, "ಅಲ್ಲಿ ನಾಲ್ಕು ಚುಕ್ಕೆ ಉಂಟು, ಎಣಿಸು," ಎನ್ನುತ್ತಿದ್ದರು. ನಾಲ್ಕು ಗಂಟೆಗೆ ಹೊಸ ಫೋರಂ ತೆರೆಯಿತು. ನಾನೂರ ಹನ್ನೆರಡರ ಮೇಲೂ ಅಣ್ಣನ ಹೆಸರಿತ್ತು.

ರಜೆ ಮುಗಿದು ಬೋಟುಗಳು ಸಮುದ್ರಕ್ಕೆ ಹೋದವು. ಎರಡನೆಯ ವಾರ, ಕೆಲಸ ಮುಗಿಸಿ ಬರುವಾಗ, ಬಿಕರ್ನಕಟ್ಟೆಯಲ್ಲಿ ಮೀನು ಮಾರುವ ಅತ್ತಿಗೆ, ಅಣ್ಣನ ಹೆಂಡತಿ, ದೂರದಿಂದಲೇ ಕೈ ಮಾಡಿ ಕರೆದಳು. ಒದ್ದೆ ಬೆರಳು ಸೀರೆಗೆ ಒರೆಸಿ ಫೋನು ನನ್ನ ಮುಂದೆ ಹಿಡಿದಳು.

"ನೋಡು, ಇದೆಂತದೋ ಇವರ ಹೆಸರಿಗೆ ಬಂದಿದೆ. ಮಾಷ್ಟ್ರು ಆವತ್ತು ಇಲ್ಲಿಗೇ ಬಂದು ಕೇಳಿದ್ರು, ಇವರಿಗೆ ಬರುವ ಕಾಗದ ಎಲ್ಲಿಗೆ ಕಳಿಸ್ಲಿ ಅಂತ. ಮನೆಗೇ ಕಳಿಸಿ ಅಂದೆ. ಅವರು ಈ ಫೋನಿಗೇ ಬರುವ ಹಾಗೆ ಮಾಡಿ ಕೊಟ್ಟು ಹೋದ್ರು."

ಅಣ್ಣನ ಹಳೆಯ ಉತ್ತರವೊಂದರ ಕೆಳಗೆ ಯಾರೋ ಬರೆದದ್ದು ಇಮೇಲ್ ಆಗಿ ಬಂದಿತ್ತು. ನಾನು ನಿಧಾನವಾಗಿ ಓದಿದೆ. "ಅಣ್ಣಾ, ನಿನ್ನೆ ಬಹಳ ದೂರ ಹೋದ ಮೇಲೆ ಇಂಜಿನ್ ನಿಂತಿತು. ನೀವು ಹೇಳಿದ ಹಾಗೆ ಡೀಸೆಲ್ ಪೈಪಿನ ಗಾಳಿ ತೆಗೆದೆವು. ಸ್ಟಾರ್ಟ್ ಆಯಿತು. ಏಳು ಜನ ಇದ್ದೆವು. ದಡ ಮುಟ್ಟಿದೆವು."

ಅತ್ತಿಗೆ ಬುಟ್ಟಿಯ ಬಂಗುಡೆಯ ಮೇಲೆ ಐಸು ಸರಿಮಾಡಿದಳು. "ಇವರಿಲ್ಲ ಅಂತ ಅವನಿಗೆ ಗೊತ್ತುಂಟಾ?"

"ಗೊತ್ತಿಲ್ಲ ಕಾಣ್ತದೆ. ಬರೆಯಲಾ ಅತ್ತಿಗೆ?"

ಅವಳು ಗಿರಾಕಿಯೊಬ್ಬರಿಗೆ ಮೀನು ತೂಗಿ, ಕಟ್ಟಿಕೊಟ್ಟು, ಕೈ ತೊಳೆದಳು.

"ಬೇಡ," ಎಂದಳು. "ಕಾಗದ ಮುಟ್ಟಿತು ಅಂತ ಮಾತ್ರ ಬರಿ."