ಎಲ್ಡನ್ ಬೂದಿ ತೆಗೆದದ್ದು

ಎಲ್ಡನ್ ಥಿಬೊಡೊ ಒಂದು ವ್ಯಾಕ್ಯೂಮ್ ಕ್ಲೀನರ್ ಆರಿಸಲು ಇಡೀ ಚಳಿಗಾಲ ತೆಗೆದುಕೊಂಡ. ಬರ್ನಿಸ್‌ಳನ್ನು ಮದುವೆಯಾಗುವ ತೀರ್ಮಾನಕ್ಕೆ ಅವನಿಗೆ ಊರ ರೈತರ ಗ್ರೇಂಜ್ ಸಭಾಂಗಣದ ಒಂದು ಸಂಜೆಯ ಕುಣಿತ ಸಾಕಾಗಿತ್ತು. ಆದರೆ ಒಲೆಯ ಬೂದಿ ಎಳೆಯುವ ಯಂತ್ರದ ವಿಷಯದಲ್ಲಿ ದುಡುಕಬಾರದು ಎಂಬುದು ಅವನ ಮತ.

ಒಲೆ ಎಂದರೆ ಮನೆ ಬೆಚ್ಚಗಿಡಲು ನಡುಮನೆಯಲ್ಲಿ ಕರ್ರಗೆ ಕೂತಿದ್ದ ಎರಕದ ಕಬ್ಬಿಣದ ಸೌದೆ ಒಲೆ. ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿಯಲ್ಲಿರುವ ಪೋರ್ಟರ್ ಮಿಲ್ಸ್ ಊರಿನಲ್ಲಿ ಹಿಮ ಬೀಳಲು ಶುರುವಾದರೆ ಏಪ್ರಿಲ್‌ವರೆಗೂ ಆ ಒಲೆಯೇ ಮನೆಯ ಯಜಮಾನ. ಎಲ್ಡನ್ ಅದಕ್ಕಾಗಿ ಬೇಸಿಗೆಯಿಡೀ ಸೌದೆ ಒಡೆಯುತ್ತಿದ್ದ, ಒಟ್ಟುತ್ತಿದ್ದ, ಒಟ್ಟಿದ್ದನ್ನು ದೂರ ನಿಂತು ನೋಡಿ ಸಂತೋಷಪಡುತ್ತಿದ್ದ. ಬೂದಿ ತುಂಬಿದಾಗ ಸಲಿಕೆಯಲ್ಲಿ ತೆಗೆದು ಬಕೆಟ್ಟಿಗೆ ಹಾಕುತ್ತಿದ್ದ. ಎಷ್ಟೇ ನಾಜೂಕಾಗಿ ತೆಗೆದರೂ ಒಂದು ಬೂದು ಮೋಡ ಮೇಲೆದ್ದು, ಮನೆಯೆಲ್ಲ ಸುತ್ತಾಡಿ, ಕೊನೆಗೆ ಬರ್ನಿಸ್ ಆಗಷ್ಟೇ ಒರೆಸಿದ ಪಿಯಾನೋ ಮೇಲೆ ಆರಾಮಾಗಿ ಇಳಿಯುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಬರ್ನಿಸ್ ಬ್ಯಾಂಗೋರಿನಲ್ಲಿದ್ದ ತಂಗಿ ಮಾರ್ಲಿಸ್‌ಳ ಮನೆಗೆ ಹೊರಟು ನಿಂತಿದ್ದಳು. ಒಲೆ ಕ್ಲೀನ್ ಮಾಡಬೇಕೆಂದು ಹಿಂದಿನ ರಾತ್ರಿಯೇ ಬೆಂಕಿ ಆರಲು ಬಿಟ್ಟಿದ್ದರಿಂದ ಎಲ್ಡನ್ ಮನೆಯೊಳಗೂ ಉಣ್ಣೆ ಟೋಪಿ ಹಾಕಿಕೊಂಡಿದ್ದ.

“ನೋಡು ಎಲ್ಡನ್, ಸಾಯಂಕಾಲ ಬರ್ತೀನಿ,” ಎಂದಳು ಕೋಟಿನ ಗುಂಡಿ ಹಾಕುತ್ತ. “ಸಲಿಕೆ ಮುಟ್ಟಕೂಡದು. ಯಾವುದಾದ್ರೂ ಸರಿ, ಒಂದು ವ್ಯಾಕ್ಯೂಮ್ ತಂದು ಎಳೆ. ಬಂದು ಬೆರಳಿಟ್ಟು ನೋಡ್ತೀನಿ. ಚಿಟಿಕೆ ಬೂದಿ ಕಂಡ್ರೂ ಸೋಮವಾರ ಹೀಟ್ ಪಂಪಿನವನಿಗೆ ಫೋನು, ನಿನ್ನ ಒಲೆ ಕೊಟ್ಟಿಗೆಗೆ.”

“ಕೊಟ್ಟಿಗೆಗಾ? ಬರ್ನಿ, ಅದು ಒಲೆ ಕಣೇ, ಕರು ಅಲ್ಲ.”

“ಜೊತೆಗೆ ನೀನೂ ಹೋಗ್ಬಹುದು. ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತೆ. ಮಾರ್ಲಿಸ್ ಹೋದ ತಿಂಗಳೇ ಹಾಕಿಸ್ಕೊಂಡ್ಳು ನೋಡು. ಗೋಡೆ ಮೇಲೊಂದು ಬಿಳೀ ಪೆಟ್ಟಿಗೆ, ಕರೆಂಟಲ್ಲೇ ಮನೆ ಬೆಚ್ಚಗೆ. ಸೌದೆ ಇಲ್ಲ, ಬೂದಿ ಇಲ್ಲ, ಗಂಡನ ಗೊಣಗಾಟ ಇಲ್ಲ.”

ಕಾರು ತಿರುವಿನಾಚೆ ಮರೆಯಾಗುವವರೆಗೂ ಎಲ್ಡನ್ ಕಿಟಕಿಯಲ್ಲೇ ನಿಂತಿದ್ದ. ಆಮೇಲೆ ಒಲೆಯ ತಣ್ಣನೆಯ ನೆತ್ತಿಯ ಮೇಲೆ ಕೈಯಿಟ್ಟ. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯ ಮುಂದೆ ಕಾಲು ಚಾಚಿ ಕೂರುವುದು ಹೇಗೆ ಎಂದು ಅವನಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಲೈವ್ ಇವನನ್ನು ಕಂಡ ಕೂಡಲೇ ಏನೂ ಕೇಳದೆ ಮೂಲೆಯಿಂದ ಆ ಯಂತ್ರವನ್ನು ಎಳೆದು ತಂದ. ಡಿಸೆಂಬರಿನಿಂದ ಪ್ರತಿ ಶನಿವಾರ ಹೀಗೇ ನಡೆಯುತ್ತಿತ್ತು.

“ಇದೇ ಬೂದಿ ವ್ಯಾಕ್ಯೂಮ್. ಮೈಯೆಲ್ಲ ತಗಡು. ಪೈಪಿನೊಳಗೂ ಲೋಹ,” ಎಂದ ಕ್ಲೈವ್, ಪಾಠ ಒಪ್ಪಿಸುವವನಂತೆ. “ಬೂದಿ ಸತ್ತಿದೆ ಅಂತ ಕಾಣುತ್ತೆ, ಆದ್ರೆ ಒಳಗೆ ಕೆಂಡ ದಿನಗಟ್ಟಲೆ ಉಸಿರಾಡ್ತಿರುತ್ತೆ. ಪ್ಲಾಸ್ಟಿಕ್ ವ್ಯಾಕ್ಯೂಮಿಗೆ ಹಾಕಿದ್ರೆ ಅದೇ ಒಂದು ಒಲೆ ಆಗುತ್ತೆ. ಮನೆ ಗುಡಿಸೋ ವ್ಯಾಕ್ಯೂಮ್‌ದು ಇನ್ನೊಂದು ಕತೆ. ಬೂದಿ ಹಿಟ್ಟಿಗಿಂತ ನಯ, ಅದರ ಬಟ್ಟೆ ಫಿಲ್ಟರ್ ತಡೆಯಲ್ಲ. ಈ ಕಡೆ ಎಳ್ಕೊಂಡು ಆ ಕಡೆ ಊದುತ್ತೆ. ಇದರಲ್ಲಿ ಎರಡು ಫಿಲ್ಟರ್. ತಗೋ, ದೇವರಾಣೆ ಒಳ್ಳೇದು. ಇನ್ನೊಂದು ಸಲ ಇದನ್ನ ಹೇಳೋಕೆ ನನ್ನ ಕೈಲಾಗಲ್ಲ.”

ಎಲ್ಡನ್ ಯಂತ್ರವನ್ನು ಬೆರಳಿನಿಂದ ತಟ್ಟಿದ, ಎತ್ತಿ ನೋಡಿದ, ಚಕ್ರ ತಿರುಗಿಸಿದ. ಇನ್ನೇನು ಹೂಂ ಎನ್ನಬೇಕು, ಅಷ್ಟರಲ್ಲಿ ಕಾಫಿ ಪಾತ್ರೆಯ ಪಕ್ಕದಿಂದ ಡೆಲ್ಮರ್ ಬಾಯಿ ಹಾಕಿದ. ಡೆಲ್ಮರ್ ಎಲ್ಡನ್‌ನ ಜೀವದ ಗೆಳೆಯ. ಎಲ್ಡನ್‌ನ ಬಾಳಿನ ಕಷ್ಟಗಳಲ್ಲಿ ಅರ್ಧಕ್ಕೆ ಅವನು ಹೆಗಲು ಕೊಟ್ಟಿದ್ದ, ಉಳಿದರ್ಧಕ್ಕೆ ಅವನೇ ಕಾರಣನಾಗಿದ್ದ.

“ಲೋ ಎಲ್ಡನ್, ಬೂದಿಗೇ ಬೇರೆ ಯಂತ್ರ, ಕಸಕ್ಕೇ ಬೇರೆ ಯಂತ್ರವೇನೋ? ನಾಳೆ ಬ್ರೆಡ್ಡಿನ ಪುಡಿಗೂ ಒಂದು ಮಾರ್ತಾನೆ ಇವನು. ನನ್ನ ಶೆಡ್ಡಲ್ಲಿ ದೊಡ್ಡ ವ್ಯಾಕ್ಯೂಮ್ ಇದೆ. ಮೊಳೆ ಎಳೆಯುತ್ತೆ, ಮರದ ಹೊಟ್ಟು ಎಳೆಯುತ್ತೆ, ನೀರು ಎಳೆಯುತ್ತೆ. ಒಂದ್ಸಲ ನಮ್ಮ ಬೆಕ್ಕಿನ ಬಾಲ ಎಳೀತು. ಬೂದಿ ಯಾವ ಲೆಕ್ಕ?”

“ಡೆಲ್ಮರ್, ಕೆಂಡ...” ಎಂದ ಕ್ಲೈವ್.

“ಕೈಯಾಡಿಸಿ ನೋಡಿ ಆಮೇಲೇ ಹಾಕ್ತೀವಪ್ಪಾ. ನಾವೇನು ನಿನ್ನೆ ಹುಟ್ಟಿದವರಾ?”

ಹೀಗೆ ಚಳಿಗಾಲವಿಡೀ ನಡೆದ ವಿಚಾರ ವಿನಿಮಯ ಒಂದು ಕಪ್ ಕಾಫಿಯಲ್ಲಿ ಮುಗಿಯಿತು. ಕ್ಲೈವ್ ನಿಟ್ಟುಸಿರು ಬಿಟ್ಟು ಯಂತ್ರವನ್ನು ಮತ್ತೆ ಮೂಲೆಗೆ ತಳ್ಳಿದ.

ಡೆಲ್ಮರನ ವ್ಯಾಕ್ಯೂಮ್ ಒಂದು ಸಣ್ಣ ಪೀಪಾಯಿಯಷ್ಟಿತ್ತು. ಇಬ್ಬರೂ ಸೇರಿ ಅದನ್ನು ಒಳಗೆ ತಂದರು. ಮಾತಿಗೆ ತಪ್ಪಬಾರದೆಂದು ಡೆಲ್ಮರ್ ಬರಿಗೈಯಲ್ಲಿ ಬೂದಿ ಕೆದಕಿ, ಕೆಂಡ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಎಲ್ಡನ್ ಒಲೆಯ ಬಾಗಿಲು ತೆರೆದು, ಪೈಪಿನ ಬಾಯನ್ನು ಬೂದಿಯ ರಾಶಿಯ ನಟ್ಟನಡುವೆ ಊರಿದ. ಡೆಲ್ಮರ್ ಸ್ವಿಚ್ ಒತ್ತಿದ.

ಯಂತ್ರ ಎಳೆಯಲಿಲ್ಲ. ಊದಿತು.

ಒಲೆಯೊಳಗಿದ್ದ ಬೂದಿಯಷ್ಟೂ ಒಂದೇ ಉಸಿರಿಗೆ ಆಚೆ ಬಂತು. ಎಲ್ಡನ್‌ಗೆ ತನ್ನ ಕೈ ಕಾಣಲಿಲ್ಲ, ಕೈಯಲ್ಲಿದ್ದ ಪೈಪೂ ಕಾಣಲಿಲ್ಲ. ಗಾಬರಿಯಲ್ಲಿ ಪೈಪನ್ನು ಹೊರಗೆಳೆದು ಅತ್ತಿತ್ತ ಆಡಿಸಿದ್ದರಿಂದ, ಆವರೆಗೆ ಹೇಗೋ ತಪ್ಪಿಸಿಕೊಂಡಿದ್ದ ಅಡುಗೆಮನೆಗೂ ಪಾಲು ಸಿಕ್ಕಿತು. ಮೋಡದ ನಡುವಿನಿಂದ ಡೆಲ್ಮರ್ ಕೆಮ್ಮುವುದು ಕೇಳಿಸುತ್ತಿತ್ತು. ಕೊನೆಗೂ ಅವನ ಕೈಗೆ ಸ್ವಿಚ್ ಸಿಕ್ಕಿತು.

“ಓ...” ಎಂದಿತು ಡೆಲ್ಮರನ ದನಿ. “ಬೆಳಿಗ್ಗೆ ಟ್ರಕ್ಕಿನ ಮೇಲಿನ ಹಿಮ ಊದಿದ್ದೆ. ಪೈಪು ಊದೋ ತೂತಲ್ಲೇ ಇದೆ ಕಣೋ.”

ಎಲ್ಡನ್ ಟೋಪಿಯಿಂದ ಮೂಗು ಬಾಯಿ ಮುಚ್ಚಿಕೊಂಡ. ಬಾಯಿ ತೆರೆದರೆ ಬೂದಿ ಒಳಗೆ ಹೋಗುತ್ತಿತ್ತು, ಬೈಗುಳ ಆಚೆ ಬರುತ್ತಿತ್ತು. ಅಷ್ಟರಲ್ಲಿ ಚಾವಣಿಯ ಹೊಗೆ ಅಲಾರಂ ಊರಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಬಾಗಿಲು ತೆರೆದು ಒಳಬಂದವಳು ಎದುರು ಮನೆಯ ವರ್ನಾ.

ವರ್ನಾ ವಯಸ್ಸಿನಲ್ಲಿ ಹಿರಿಯಳು, ಮನಸ್ಸಿನಿಂದ ಒಳ್ಳೆಯವಳು. ಆದರೆ ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಪಕ್ಕದೂರು ಮುಟ್ಟುತ್ತಿತ್ತು. ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಬೂದು ಪಿಯಾನೋ, ಬೂದು ಪರದೆ, ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಬೂದು ವಧು, ಬೂದು ವರ. ನೆಲದ ಮೇಲೆ ಇಬ್ಬರು ಬೂದು ಗಂಡಸರು.

“ಅಯ್ಯೋ ನನ್ನಪ್ಪಾ! ಇದ್ಯಾವ ಅವತಾರವಯ್ಯಾ? ಬರ್ನಿಸ್ ಎಲ್ಲಿ?”

“ಬ್ಯಾಂಗೋರಿಗೆ ಹೋಗಿದಾಳೆ,” ಎಂದ ಎಲ್ಡನ್. “ಸಾಯಂಕಾಲ ಬರ್ತಾಳೆ. ಒಂದು ಚಿಟಿಕೆ ಬೂದಿ ಕಂಡ್ರೂ ಒಲೆ ಕಿತ್ತು ಹಾಕಿಸ್ತಾಳೆ. ವರ್ನಾ, ನಿಮ್ಮ ದಮ್ಮಯ್ಯ, ಯಾರಿಗೂ ಹೇಳ್ಬೇಡಿ. ನನ್ನ ಒಲೆ ಉಳಿಸಿಕೊಡಿ.”

ಗಂಡಸೊಬ್ಬ ಒಲೆಗೋಸ್ಕರ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ವರ್ನಾ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆ ನೀರು ಬೂದಿಯ ಮುಖದ ಮೇಲೆ ಎರಡು ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಅವಳು ಕುರ್ಚಿ ಹತ್ತಿ ಅಲಾರಮ್ಮಿನ ಬ್ಯಾಟರಿ ಕಿತ್ತು, ತೋಳು ಮೇಲೆ ಸರಿಸಿದಳು.

“ಡೆಲ್ಮರ್, ಆ ನಿನ್ನ ಪೀಪಾಯಿ ಮೊದಲು ಆಚೆ ತಗೊಂಡು ಹೋಗು. ಅದರ ಹಿಂದೆ ನೀನೂ ಹೋಗಿ ಮೈ ಕೊಡವಿಕೊಂಡು ಬಾ. ಎಲ್ಡನ್, ಕ್ಲೈವ್‌ಗೆ ಫೋನ್ ಮಾಡು. ಆ ಬೂದಿ ಯಂತ್ರ ತರಲಿ, ಅವನೂ ಬರಲಿ. ಸುಮ್ನೆ ನಿಂತ್ಕೊಂಡಿದ್ರೆ ಇಬ್ಬರನ್ನೂ ಹಿಮದಲ್ಲಿ ಉರುಳಿಸ್ತೀನಿ.”

ಕ್ಲೈವ್ ಅಂಗಡಿಗೆ ಬೀಗ ಹಾಕಿ ಬಂದ. ಯಂತ್ರವನ್ನು ನಡುಮನೆಯಲ್ಲಿ ಇಳಿಸಿ, ಎಲ್ಡನ್‌ನ ಮುಖವನ್ನೂ ಯಂತ್ರವನ್ನೂ ಒಂದೊಂದು ಸಲ ನೋಡಿದ, ಅಷ್ಟೇ. ಬಿಲ್ ಹರಿದು ಕೊಡುವಾಗಲೂ ಅಷ್ಟು ತೃಪ್ತಿ ಅವನ ಮುಖದಲ್ಲಿ ಯಾರೂ ಕಂಡಿರಲಿಲ್ಲ.

ಆ ಯಂತ್ರ ನಿಜಕ್ಕೂ ಒಳ್ಳೆಯದಾಗಿತ್ತು. ಹೋದ ಕಡೆಯೆಲ್ಲ ಬೂದಿ ಸದ್ದಿಲ್ಲದೆ ಒಳಗೆ ಹೋಯಿತು, ಹೋದದ್ದು ಆಚೆ ಬರಲಿಲ್ಲ. ಎಲ್ಡನ್ ಮಂಡಿಯೂರಿ ನೆಲ ಎಳೆದ. ಕ್ಲೈವ್ ಏಣಿ ಹತ್ತಿ ಚಾವಣಿಯ ಮೂಲೆ ಮೂಲೆ ಎಳೆದ. ಡೆಲ್ಮರ್ ಪ್ರಾಯಶ್ಚಿತ್ತದ ಹುರುಪಿನಲ್ಲಿ ಫ್ರಿಜ್ ಸರಿಸಿ ಅದರ ಹಿಂಬದಿ ತಿಕ್ಕಿದ. ವರ್ನಾ ಪರದೆಗಳನ್ನು ತನ್ನ ಮನೆಗೆ ಒಯ್ದು ಒಗೆದು ಒಣಗಿಸಿ, ಇಸ್ತ್ರಿ ಮಾಡಿ ತಂದಳು. ಪಿಯಾನೋದ ಕೀಗಳನ್ನು ಒಂದೊಂದಾಗಿ ಒರೆಸಿದರು. ಬೂದಿ ಎಲ್ಲಿ ಅಡಗಿದೆಯೋ ಎಂಬ ಭಯಕ್ಕೆ, ಮದುವೆಯಾದಾಗಿನಿಂದ ಯಾರೂ ಇಣುಕದ ಕಪಾಟುಗಳ ನೆತ್ತಿಯನ್ನೂ ಬಿಡಲಿಲ್ಲ.

ಹೊತ್ತಿಳಿಯುವ ವೇಳೆಗೆ ಒಲೆಯಲ್ಲಿ ಹೊಸ ಬೆಂಕಿ ಕುಣಿಯುತ್ತಿತ್ತು. ನಾಲ್ವರೂ ನಡು ಹಿಡಿದುಕೊಂಡು ಮನೆಯ ಮಧ್ಯೆ ನಿಂತು ಸುತ್ತಲೂ ನೋಡಿದರು. ಎಲ್ಲಿ ನಿಂತು ನೋಡಿದರೂ ಮುಖ ಕಾಣುವಷ್ಟು ಹೊಳಪು.

“ಈ ಗುಟ್ಟು ನಮ್ಮ ನಾಲ್ಕು ಜನರಲ್ಲೇ ಇರ್ಬೇಕು,” ಎಂದ ಎಲ್ಡನ್, ಮೂವರನ್ನೂ ನೋಡುವಂತೆ ನಟಿಸಿ ವರ್ನಾಳನ್ನೇ ನೋಡುತ್ತ.

“ಯಾಕೆ ನನ್ನ ಮುಖ ನೋಡ್ತೀಯ?” ವರ್ನಾಳಿಗೆ ಚುಚ್ಚಿದಂತಾಯಿತು. “ನನ್ನ ಬಾಯಲ್ಲಿ ಮಾತು ನಿಲ್ಲಲ್ಲ ಅಂತ ಊರೆಲ್ಲ ಹೇಳುತ್ತೆ, ಗೊತ್ತು ನನಗೆ. ನಮ್ಮಮ್ಮನಾಣೆ ಎಲ್ಡನ್, ಸಮಾಧಿಗೆ ಹೋದ್ರೂ ಹೇಳಲ್ಲ. ಒಂದು ಸಲನಾದ್ರೂ ನನ್ನ ನಂಬಿ ನೋಡು.”

ಅಂಗಳದಲ್ಲಿ ಕಾರಿನ ಬೆಳಕು ಬಿತ್ತು. ಮೂವರೂ ಹಿಂಬಾಗಿಲಿನಿಂದ ಹಿಮದೊಳಗೆ ಕರಗಿಹೋದರು.

ಬರ್ನಿಸ್ ಒಳಗೆ ಬಂದವಳು ಕೋಟನ್ನೂ ತೆಗೆಯದೆ ನೇರವಾಗಿ ಒಲೆಯ ಮುಂದೆ ಹೋಗಿ, ಬೆನ್ನು ಕೊಟ್ಟು ನಿಂತಳು. ಕಣ್ಣು ಮುಚ್ಚಿಕೊಂಡಳು.

“ಅಬ್ಬಾ! ಎಲ್ಡನ್, ಇಡೀ ದಿನ ನಡುಗಿ ಸತ್ತೆ. ಆ ಬಿಳೀ ಪೆಟ್ಟಿಗೆ ಒಂದು ಮೂಲೇಲಿ ಪುಸ್ ಪುಸ್ ಅನ್ನುತ್ತೆ, ಗೋಡೆ ಮೇಲೆ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಮನೆ ಬೆಚ್ಚಗಿದೆ ಅಂತ ತೋರ್ಸುತ್ತೆ, ಮಾರ್ಲಿಸ್ ಮೂರು ಸ್ವೆಟರ್ ಹಾಕ್ಕೊಂಡು ಕೂತಿರ್ತಾಳೆ. ಬೆನ್ನು ಕಾಯಿಸೋಣ ಅಂದ್ರೆ ಜಾಗಾನೇ ಇಲ್ಲ. ದಾರೀಲೇ ತೀರ್ಮಾನ ಮಾಡ್ದೆ. ಒಲೆ ಎಲ್ಲೂ ಹೋಗಲ್ಲ. ನೀನು ಮನೆ ತುಂಬ ಬೂದಿ ಚೆಲ್ಲಿದ್ರೂ ಇವತ್ತು ಒಂದು ಮಾತೂ ಆಡಬಾರ್ದು ಅಂದ್ಕೊಂಡೇ ಬಂದೆ.”

ಎಲ್ಡನ್‌ಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಒಲೆ ಉಳಿಯಿತು!

ಆಗ ಬರ್ನಿಸ್ ಕಣ್ಣು ತೆರೆದಳು.

ಪರದೆ ನೋಡಿದಳು. ಪಿಯಾನೋ ನೋಡಿದಳು. ನಿಧಾನವಾಗಿ ಅಡುಗೆಮನೆಗೆ ನಡೆದು, ಸ್ಟೂಲ್ ಹತ್ತಿ, ಫ್ರಿಜ್ಜಿನ ನೆತ್ತಿಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದೆಲ್ಲ ನೀನೇ ಮಾಡಿದ್ದಾ?”

“ಹೂಂ,” ಎಂದ ಎಲ್ಡನ್, ಎದೆಯುಬ್ಬಿಸಿ.

“ಒಬ್ಬನೇ?”

“ಮತ್ತೆ? ಇನ್ಯಾರಿದಾರೆ?”

ಬರ್ನಿಸ್ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತಳು. “ಕೈಗೆ ಪೊರಕೆ ಕೊಟ್ರೆ ನೀನು ಯಾವ ಕಡೆ ಹಿಡೀಬೇಕು ಅಂತ ಕೇಳ್ತಿದ್ದೆ. ಪಾಪ, ಗಂಡಸು, ಗೊತ್ತಾಗಲ್ಲ ಅಂತ ನಾನೇ ಸೊಂಟ ಮುರ್ಕೊಂಡೆ ಇಷ್ಟು ವರ್ಷ. ಇಷ್ಟು ಚೆನ್ನಾಗಿ ಬರುತ್ತೆ ನಿನಗೆ! ಆಯ್ತು ಕಣೋ. ಒಲೆ ನಿನ್ನದು. ಇವತ್ತಿಂದ ಪ್ರತಿ ಶನಿವಾರ ಮನೇನೂ ನಿನ್ನದು. ಇದೇ ಥರ ಇರ್ಬೇಕು, ಫ್ರಿಜ್ಜಿನ ನೆತ್ತಿ ಸಮೇತ. ಚರ್ಚ್ ಹಾಲ್ ಕ್ಲೀನಿಂಗಿಗೂ ನಾಳೆ ನಿನ್ನ ಹೆಸರು ಹೇಳ್ತೀನಿ.”

ಎಲ್ಡನ್‌ನ ತಲೆ ಚುರುಕಾಗಿ ಓಡಿತು. ಬೂದಿ ಚೆಲ್ಲಿದ್ದಕ್ಕೆ ಹೇಗೂ ಮಾಫಿ ಸಿಕ್ಕಿದೆ. ಇನ್ನು ನಿಜ ಹೇಳಿದರೇನು ನಷ್ಟ?

“ಬರ್ನಿ, ನಿಜ ಹೇಳ್ತೀನಿ. ಡೆಲ್ಮರನ ವ್ಯಾಕ್ಯೂಮ್ ಹಿಂದುಮುಂದಾಗಿ ಊದಿಬಿಡ್ತು. ಇಡೀ ಮನೆ ಬೂದಿ. ನಾಲ್ಕು ಜನ ಸೇರಿ ಕ್ಲೀನ್ ಮಾಡಿದ್ವಿ.”

“ನಾಲ್ಕು ಜನ!” ಬರ್ನಿಸ್ ನಕ್ಕಳು. “ಎಲ್ಲಿ ತೋರ್ಸು ಬೂದೀನ. ಒಂದೇ ಒಂದು ಚಿಟಿಕೆ ತೋರ್ಸು.”

ಎಲ್ಡನ್ ಹುಡುಕಿದ. ಸೋಫಾದ ಸಂದಿನಲ್ಲಿ ಹುಡುಕಿದ, ಪಿಯಾನೋದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದ. ತನ್ನ ಮನೆಯಲ್ಲಿ ಒಂದು ಚಿಟಿಕೆ ಬೂದಿಗಾಗಿ ಅವನು ಹೀಗೆ ಪರದಾಡಿದ್ದು ಅದೇ ಮೊದಲು. ಕ್ಲೈವ್‌ನ ಯಂತ್ರ ಏನನ್ನೂ ಬಿಟ್ಟಿರಲಿಲ್ಲ. ಎಳೆದ ಬೂದಿಯನ್ನು ಡೆಲ್ಮರ್ ಆಗಲೇ ಹೊತ್ತುಕೊಂಡು ಹೋಗಿ, ಕಾಲು ಜಾರದಿರಲೆಂದು ತನ್ನ ಅಂಗಳದ ಮಂಜುಗಡ್ಡೆಯ ಮೇಲೆ ಹರಡಿಬಿಟ್ಟಿದ್ದ.

“ವರ್ನಾಳನ್ನ ಕೇಳು!” ಎಂದ ಕೊನೆಗೆ. “ಅವಳು ಕಣ್ಣಾರೆ ನೋಡಿದಾಳೆ. ಬೇಕಾದ್ರೆ ಈಗ್ಲೇ ಫೋನ್ ಮಾಡು.”

ಬರ್ನಿಸ್‌ಗೂ ಈ ಮಾತು ಒಪ್ಪಿಗೆಯಾಯಿತು. ವರ್ನಾಳಿಗೆ ಗೊತ್ತಿದ್ದು ಅವಳು ಹೇಳದೆ ಉಳಿಸಿಕೊಂಡದ್ದು ಆ ಊರಿನಲ್ಲಿ ಯಾವತ್ತೂ ಆಗಿರಲಿಲ್ಲ. ಬರ್ನಿಸ್ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ವರ್ನಾ, ಇವತ್ತು ನಮ್ಮನೇಲಿ ಬೂದಿ ಗೀದಿ ಏನಾದ್ರೂ ಆಯ್ತಾ?”

ಆ ಕಡೆ ವರ್ನಾ ಗಂಟಲು ಸರಿಮಾಡಿಕೊಂಡಳು.

“ಬೂದೀನಾ? ಯಾವ ಬೂದಿ? ಬೆಳಿಗ್ಗೆಯಿಂದ ನಾನು ಮನೆ ಬಿಟ್ಟು ಕದಲಿಲ್ಲ ಕಣಮ್ಮ. ಕಿಟಕಿಯಿಂದ ನೋಡ್ದೆ, ಪಾಪ ಎಲ್ಡನ್ ಒಬ್ಬನೇ ಏಣಿ ಹತ್ತಿ ಮೂಲೆ ಮೂಲೆ ಒರೆಸ್ತಿದ್ದ. ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ನೋಡು.”

“ವರ್ನಾ!” ಎಲ್ಡನ್ ಕೂಗಿದ. “ಹೇಳಿ, ಪರವಾಗಿಲ್ಲ! ಎಲ್ಲಾ ಹೇಳಿ!”

ಬರ್ನಿಸ್ ಸ್ಪೀಕರ್ ಆರಿಸಿ, ಫೋನನ್ನು ಅವನ ಕೈಗಿಟ್ಟು, ಮಾಪ್ ಇಡುವ ಜಾಗ ತೋರಿಸಲು ಎದ್ದಳು. ಎಲ್ಡನ್ ಫೋನ್ ಕಿವಿಗೆ ಹಿಡಿದ. ಆ ಕಡೆಯಿಂದ ವರ್ನಾ, ಜೀವನದಲ್ಲಿ ಮೊದಲ ಸಲ ಗುಟ್ಟು ಕಾಪಾಡಿದ ಹೆಮ್ಮೆಯಿಂದ, ಪಿಸುಗುಟ್ಟುತ್ತಿದ್ದಳು:

“ಹೆದರ್ಬೇಡ ಎಲ್ಡನ್. ಅವಳು ನಿನ್ನ ಕೈಲೇ ಹೇಳಿಸಿದ್ರೂ ಸರಿ, ನನ್ನ ಬಾಯಿಂದ ಮಾತ್ರ ಬರಲ್ಲ. ಡೆಲ್ಮರ್‌ಗೂ ಕ್ಲೈವ್‌ಗೂ ಆಗ್ಲೇ ಫೋನ್ ಮಾಡಿ ಹೇಳಿದೀನಿ. ಪ್ರಾಣ ಹೋದ್ರೂ ಮೂವರೂ ಬಾಯಿ ಬಿಡಲ್ಲ.”